ಕರ್ನಲ್ ಮತ್ತೆ ಸತ್ತ

ಏಪ್ರಿಲ್ 3, 1978. ಸೋಮವಾರ

ಕಂಪ್ಯೂಟರು ಮತ್ತೆ ನಿಂತಿತು. ಡಬ್ಬಿ ತೆರೆದು ರೊಟ್ಟಿ ಮುರಿದಿದ್ದೆ, ಅಷ್ಟೇ. ಟೆಲಿಟೈಪಿನ ಗಂಟೆ ಬಾರಿಸಿತು. ಕಾಗದದ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ 'ಪ್ಯಾನಿಕ್' ಎಂದು ಹೊಡೆಯಿತು, ಕೆಳಗೆ ಒಂದು ಸಾಲು ಅಂಕಿ, ಆಮೇಲೆ ಸುಮ್ಮನೆ. ಮುಂದಿನ ಫಲಕದ ದೀಪಗಳು ಎಲ್ಲಿದ್ದವೋ ಅಲ್ಲೇ.

ರೊಟ್ಟಿ ಬಿಟ್ಟು ಎದ್ದೆ. ಮೆಮೊರಿಯ ನಕಲು ಟೇಪಿಗೆ ಇಳಿಸಿದೆ. ಸ್ವಿಚ್‌ಗಳನ್ನು ಬೆರಳಿನಿಂದ ಏರಿಸಿ ಇಳಿಸಿ ಮೊದಲ ಆಜ್ಞೆಗಳನ್ನು ಕೂರಿಸಿದೆ. ಬೂಟ್ ಟೇಪು. ಆಮೇಲೆ ಕರ್ನಲ್ ಟೇಪು. ಚಾಲೂ. ಟಿಕೋಟಾದ ಎಮ್ಮೆಗಳು ಅರ್ಧಕ್ಕೇ ಹೋಗಿದ್ದವು. ಮತ್ತೆ ಮೊದಲಿನಿಂದ ಎಮ್ಮೆ.

ಸಂಜೆ ಪಕ್ಕದ ಮನೆಯ ಮದೀನಾಬಿ ಚಾಚಿ ಕೇಳಿದರು, "ಎಂ.ಎಸ್ಸಿ. ಮಾಡೀದಿ, ಹೈದರಾಬಾದಿಗೆ ಹೋಗಿ ಟ್ರೇನಿಂಗ್ ಮಾಡಿ ಬಂದೀದಿ. ಈಗ ಏನ ಕೆಲಸ ಮಾಡ್ತೀಯವ್ವಾ?"

"ದನ ಎಣಸ್ತೀನ್ರಿ ಚಾಚಿ."

ಅವರ ಮುಖ ನೋಡಿ ಪಾಪ ಅನ್ನಿಸಿತು. ಆದರೆ ಸುಳ್ಳಲ್ಲ. ಟಿಕೋಟಾ, ಬಬಲೇಶ್ವರ ಭಾಗದ ಊರೂರಿನ ದನ, ಎಮ್ಮೆ, ಕುರಿ, ಕೋಳಿ. ಗಣತಿಯವರು ಬರೆದು ತಂದ ಹಾಳೆಗಳನ್ನು ಮಶಿನ್ನಿಗೆ ಹಾಕಬೇಕು. ಅದು ಕೂಡಿಸಿ ಪಟ್ಟಿ ಕೊಡುತ್ತದೆ. ಯಾವ ಊರಿಗೆ ಎಷ್ಟು ಲಸಿಕೆ ಎಂದು ಆ ಪಟ್ಟಿ ನೋಡಿ ಸರ್ಕಾರ ಹಂಚುತ್ತದೆ. ಬೇರೆಲ್ಲೂ ಬೇಡವಾದ ಹಳೇ ಕಂಪ್ಯೂಟರು ಗೂಡ್ಸ್ ಗಾಡಿಯಲ್ಲಿ ಬಂದು ನಮ್ಮ ಇಬ್ರಾಹಿಂಪುರದ ಬಾಡಿಗೆ ಮನೆಯೊಂದರಲ್ಲಿ ಕೂತಿದೆ. ಇಡೀ ವಿಜಾಪುರದಲ್ಲಿ ಅದಕ್ಕೊಂದಕ್ಕೇ ದಿನವಿಡೀ ಏರ್‌ಕಂಡೀಷನ್ ಇರಬೇಕು. ನಮಗೆ ಕೈಬೀಸಣಿಗೆ.


ಏಪ್ರಿಲ್ 5

ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆ. ಬೀದಿಯಿಂದ ಬಂದೇನವಾಜ ಭಾಯಿಯ ಕೂಗು. ಅವರು ನಮ್ಮ ಆಫೀಸಿನ ಮಶಿನ್ ರಿಪೇರಿಯವರು. ಸೈಕಲ್ಲಿನಿಂದ ಇಳಿಯಲೂ ಇಲ್ಲ.

"ಗುಲಶನಬೀ, ಲಗೂನ ಬರ್ರಿ! ಕರ್ನಲ್ ಮತ್ತ ಸತ್ತ!"

ಅಮ್ಮನ ಕೈಯಿಂದ ಸೌಟು ಬಿತ್ತು. "ಯಾ ಅಲ್ಲಾ! ಯಾವ ಕರ್ನಲ್ಲು?"

ಚಪ್ಪಲಿ ಹುಡುಕುತ್ತಿದ್ದೆ. ತಿರುಗಿ ನೋಡಲಿಲ್ಲ. "ಏನೂ ಆಗಿಲ್ಲಮ್ಮಾ. ಹೋಗಿ ಹೊಳ್ಳಿ ಎಬ್ಬಸ್ತೀನಿ" ಎಂದು ಓಡಿದೆ.

ಸಂಜೆ ಬಂದರೆ ಪಡಸಾಲೆಯಲ್ಲಿ ದೊಡ್ಡ ಬುಟ್ಟಿ. ಮೇಲೆ ಬಿಳಿ ಬಟ್ಟೆ. ಒಳಗೆ ಖಿಚಡಿ, ಚಪಾತಿ. ಸತ್ತವರ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲವಲ್ಲ, ಅದಕ್ಕೆ. ಅಮ್ಮ ಬುರ್ಖಾ ಹಾಕಿಕೊಂಡು ಹೊರಟೇ ನಿಂತಿದ್ದಳು. ಕರ್ನಲ್ ಸಾಹೇಬರ ಮನೆ ಯಾವ ಓಣಿಯಲ್ಲಿದೆ ಎಂದಷ್ಟೇ ತಿಳಿಯಬೇಕಿತ್ತು.

ಕೂರಿಸಿ ಹೇಳಿದೆ. ಕರ್ನಲ್ ಎಂದರೆ ಮಿಲಿಟರಿಯವನಲ್ಲ. ಮಶಿನ್ನಿನೊಳಗಿನ ಒಂದು ಪ್ರೋಗ್ರಾಂ. ಉಳಿದ ಪ್ರೋಗ್ರಾಂಗಳಿಗೆ ಜಾಗ ಕೊಡುವುದು, ಸರದಿ ಕೊಡುವುದು ಅದೇ. ಯಾವುದಾದರೂ ಪ್ರೋಗ್ರಾಂ ತಪ್ಪು ಮಾಡಿದರೆ ಅದೊಂದನ್ನೇ ಹೊರಗೆ ದಬ್ಬಿ ಮುಂದೆ ಸಾಗುತ್ತದೆ. ತನ್ನ ಲೆಕ್ಕವೇ ತಪ್ಪಿದೆ ಎಂದು ಗೊತ್ತಾದರೆ ಮಾತ್ರ ಯಾರನ್ನು ದಬ್ಬುವುದು? ಆಗ ಯಾರ ಮಾತೂ ಕೇಳುವುದಿಲ್ಲ. ಇರುವುದನ್ನು ಮುಟ್ಟುವುದಿಲ್ಲ, ಹೊಸದಾಗಿ ಏನೂ ಬರೆಯುವುದಿಲ್ಲ. ಯಾಕೆ ಎಂದು ಒಂದು ಸಾಲು ಹೊಡೆದು ನಿಂತುಬಿಡುತ್ತದೆ. ನಾವು ಹೋಗಿ ಮೊದಲಿನಿಂದ ಎಬ್ಬಿಸಬೇಕು.

ಅಮ್ಮ ಎಲ್ಲ ಕೇಳಿದಳು. "ಹಂಗಾದ್ರ ಅಂವಗ ಹೇಣ್ತಿ ಇಲ್ಲ?"

"ಇಲ್ಲಮ್ಮಾ."

"ಅದಕ್ಕ ದಿನಾ ಸಾಯ್ತಾನ. ಉಣ್ಣಾಕ ಹಾಕವರಿಲ್ಲ."

ಖಿಚಡಿ ನಾವೇ ತಿಂದೆವು. ಚೆನ್ನಾಗಿತ್ತು.


ಏಪ್ರಿಲ್ 8

ಸಿದ್ದರಾಯ ಸಾಹೇಬರು ನಮ್ಮ ವಿಶೇಷಾಧಿಕಾರಿ. ಮೂಲದಲ್ಲಿ ದನದ ಡಾಕ್ಟರು, ಇದೇ ಸೀಮೆಯವರು. ಇಪ್ಪತ್ತು ವರ್ಷ ಹಳ್ಳಿಹಳ್ಳಿ ತಿರುಗಿದ ಮನುಷ್ಯ. ಎತ್ತಿಗೆ ಹೆದರುವುದಿಲ್ಲ, ಹೋರಿಗೆ ಹೆದರುವುದಿಲ್ಲ. ಬೆಂಗಳೂರಿನ ದೊಡ್ಡ ಸಾಹೇಬರಿಗೆ ಹೆದರುತ್ತಾರೆ. ಮುಂದಿನ ತಿಂಗಳು ಅವರು ಮಶಿನ್ ನೋಡಲು ಬರುತ್ತಾರಂತೆ.

ಇವತ್ತು ಟೆಲಿಟೈಪಿನ ಕಾಗದ ಹರಿದು ತಂದು ನನ್ನ ಮೇಜಿನ ಮೇಲಿಟ್ಟರು.

"ಇದೇನ್ರಿ ಇದು? ಪ್ಯಾನಿಕ್ ಅಂದ್ರ ಗಾಬರಿ. ಸರ್ಕಾರಿ ಮಶಿನ್ ಗಾಬರಿ ಆಗೂಹಂಗಿಲ್ಲ."

"ಅದು ಬರೇ ಹೆಸರ್ರೀ ಸಾಹೇಬರ. ನಿಂತೀನಿ ಅಂತ ಹೇಳತೈತಿ."

"ನಿಂತೀನಿ ಅಂತ ಮರ್ಯಾದಿಲೆ ಹೇಳಲಿ."

ಮೀಟಿಂಗ್ ಆಯಿತು. ಮಶಿನ್ ಸಾಯುವಾಗ ಏನು ಹೇಳಬೇಕು ಎಂಬ ಒಂದೇ ವಿಷಯ. ಬಂದೇನವಾಜ ಭಾಯಿ 'ಖುದಾ ಹಾಫಿಜ್' ಅನ್ನಲಿ ಎಂದರು. ಸಾಹೇಬರು ನಗಲಿಲ್ಲ. ಚಹಾ ಎರಡು ಸಲ ಬಂತು. ಕೊನೆಗೆ ಸಾಹೇಬರೇ ಎದ್ದು ನಿಂತು ಹೇಳಿ ಬರೆಸಿದರು — ಕೈಂಡ್ಲಿ ವೇಟ್. ಇನ್‌ಕನ್ವೀನಿಯನ್ಸ್ ಈಸ್ ರಿಗ್ರೆಟೆಡ್. ಬೈ ಆರ್ಡರ್, ಸ್ಪೆಷಲ್ ಆಫೀಸರ್.

ಹೆಸರೂ ಹಾಕಬೇಕೇನ್ರಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಬೇಡ ಅಂದರು.


ಏಪ್ರಿಲ್ 10

ಬಂದೇನವಾಜ ಭಾಯಿಗೆ ಮಂಜುಗಡ್ಡೆ ಮಾಡುವ ಪಕ್ಕದ ಬರ್ಫಿನ ಕಾರ್ಖಾನೆಯ ಮೇಲೆ ಸಂಶಯ. ಅಲ್ಲಿ ದೊಡ್ಡ ಮೋಟರ್ ಚಾಲೂ ಆದಾಗ ನಮ್ಮ ದೀಪ ಮಂಕಾಗುತ್ತದೆ. ಅದೇ ಗಳಿಗೆಯಲ್ಲಿ ಮೆಮೊರಿಯ ಒಂದು ಅಂಕಿ ಬದಲಾಗುತ್ತಿರಬೇಕು, ಕರ್ನಲ್ಲಿನ ಲೆಕ್ಕ ಕೆಡುವುದು ಅದಕ್ಕೇ ಎಂದು ಅವರ ವಾದ. ನಿಂತಾಗ ಟೇಪಿಗೆ ಇಳಿಸಿದ ಮೆಮೊರಿಯ ನಕಲು ನೋಡಿದರೆ ನನಗೂ ಹೌದು ಅನ್ನಿಸುತ್ತದೆ. ಯಾವ ಜಾಗ ಖಾಲಿ ಇದೆ ಎಂದು ಕರ್ನಲ್ ಒಂದು ಪಟ್ಟಿ ಇಟ್ಟಿರುತ್ತದೆ. ಕೆಡುವುದು ಯಾವಾಗಲೂ ಅದೇ ಪಟ್ಟಿ.

ಸಾಹೇಬರಿಗೆ ಹೇಳಿದೆವು. "ಬ್ಯಾಸಗ್ಯಾಗ ಬರ್ಫಿನವರಿಗೆ ಬಂದ್ ಮಾಡ್ರಿ ಅಂದ್ರ ಊರ ಮಂದಿ ನಮ್ಮನ್ನ ಬಂದ್ ಮಾಡ್ತಾರ" ಅಂದರು.


ಏಪ್ರಿಲ್ 12

ನಗಬೇಕೋ ಅಳಬೇಕೋ.

ಹಳೆಯ 'ಪ್ಯಾನಿಕ್' ಇಂಗ್ಲಿಷಿನ ಐದೇ ಅಕ್ಷರ. ಯಾರ ಸಹಾಯವೂ ಇಲ್ಲದೆ ಕರ್ನಲ್ ಒಂದೊಂದೇ ಅಕ್ಷರ ನೇರವಾಗಿ ಹೊಡೆಯುತ್ತಿತ್ತು. ಸಾಹೇಬರ ವಾಕ್ಯ ಉದ್ದ. ದಿನನಿತ್ಯದ ಪಟ್ಟಿ ಹೊಡೆಯುವ ದಾರಿಯಲ್ಲೇ ಅದನ್ನು ಕಳಿಸಿದರಾಯಿತು ಎಂದುಕೊಂಡೆ. ಆ ದಾರಿಗೆ ಖಾಲಿ ಜಾಗ ಬೇಕು. ಖಾಲಿ ಜಾಗದ ಪಟ್ಟಿ ಕೆಟ್ಟಿದ್ದಕ್ಕೇ ಅಲ್ಲವೇ ಅದು ಸಾಯುತ್ತಿರುವುದು! ಸಾಯುತ್ತೇನೆ ಎಂದು ಹೇಳಲು ಹೋಗಿ ಮತ್ತೆ ಸತ್ತಿತು. ಅದನ್ನು ಹೇಳಲು ಹೋಗಿ ಮತ್ತೆ.

ನಾವು ಮೂವರೂ ಹೊರಗೆ ಬೇವಿನ ಮರದ ಕೆಳಗೆ ಊಟಕ್ಕೆ ಕೂತಿದ್ದೆವು. ಒಳಗೆ ಕಟಕಟ ಸದ್ದು. ಸಾಹೇಬರಿಗೆ ಖುಷಿ. "ಇವತ್ತ ಭಾಳ ಕೆಲಸ ಮಾಡಾಕತ್ತೈತಿ ನೋಡ್ರಿ."

ಹೋಗಿ ನೋಡಿದರೆ ನೆಲದ ತುಂಬ ಕಾಗದ. ಕೈಂಡ್ಲಿ ಕೈಂಡ್ಲಿ ಕೈಂಡ್ಲಿ ಕೈಂಡ್ಲಿ… ಸುರುಳಿ ಮುಗಿಯುವ ತನಕ ಕೈಂಡ್ಲಿ. ಕಾಗದ ಮುಗಿದ ಮೇಲೆ ಖಾಲಿ ರೋಲರಿನ ಮೇಲೂ ಹೊಡೆಯುತ್ತಿತ್ತು. ಒಂದು ಸಲವೂ 'ವೇಟ್' ತನಕ ಬಂದಿರಲಿಲ್ಲ.

ಬಂದೇನವಾಜ ಭಾಯಿ ಗೋಡೆ ಹಿಡಿದುಕೊಂಡು ನಕ್ಕರು. ನಾನು ನಗಲು ಹೋಗಿ ಸಾಹೇಬರ ಮುಖ ನೋಡಿ ಕೆಮ್ಮಿದೆ.


ಏಪ್ರಿಲ್ 13

ಸಾಹೇಬರು ರಾತ್ರಿಯೆಲ್ಲ ಯೋಚನೆ ಮಾಡಿದ್ದಾರೆ. ಕೆಟ್ಟ ಲಕ್ಷಣ.

"ಏನೂ ಹೇಳೂದು ಬ್ಯಾಡ. ನಿಲ್ಲೂದೂ ಬ್ಯಾಡ. ಎಲ್ಲಿ ನಿಲ್ಲತೈತೋ ಅಲ್ಲಿ ನಿಲ್ಲಬ್ಯಾಡ ಅಂತ ಬರದಬಿಡ್ರಿ. ಮುಂದ ಹೋಗಲಿ."

"ಸಾಹೇಬರ, ಲೆಕ್ಕ ತಪ್ಪೈತಿ ಅಂತ ಗೊತ್ತಾದ ಮ್ಯಾಲ ಹೆಂಗ ಮುಂದ ಹೋಗೂದ್ರಿ? ಬಸ್ಸಿನ್ಯಾಗ ಒಂದ ಸೀಟಿಗೆ ಇಬ್ಬರಿಗೆ ಟಿಕೀಟು ಕೊಟ್ಟಂಗ ಆಗತೈತಿ. ಟಿಕೋಟಾದ ಕುರಿ ಇಟ್ಟ ಜಾಗದಾಗ ಬಬಲೇಶ್ವರದ ಎಮ್ಮಿ ಬಂದು ಕುಂದರತೈತಿ."

"ಬಬಲೇಶ್ವರದ ಬಸ್ಸಿನ್ಯಾಗ ಒಂದ ಸೀಟಿನ್ಯಾಗ ನಾಕು ಮಂದಿ ಕುಂದರ್ತಾರ. ಬಸ್ಸು ನಿಂತೈತೇನು?"

ಹೈದರಾಬಾದಿನಲ್ಲಿ ಯಾರೂ ಇದನ್ನು ಕಲಿಸಿರಲಿಲ್ಲ.

ಲಿಖಿತ ಆದೇಶ ಕೊಡ್ರಿ ಎಂದೆ. ಕೊಟ್ಟರು, ಸಹಿ ಸಮೇತ. ಸಾಹೇಬರ ವಾಕ್ಯ ತೆಗೆದೆ. ನಿಲ್ಲು ಎನ್ನುವ 'ಹಾಲ್ಟ್' ಆಜ್ಞೆ ಇದ್ದ ಕಡೆಯೆಲ್ಲ 'ನೋಪ್' ಹಾಕಿದೆ. ನೋಪ್ ಎಂದರೆ ಏನೂ ಮಾಡಬೇಡ, ಮುಂದಿನದಕ್ಕೆ ಹೋಗು. ಕಾಗದದ ಟೇಪಿನಲ್ಲಿ ಕೆಲವು ತೂತು ಬದಲಾದವು, ಅಷ್ಟೇ. ಕೈಗೆ ಏನೋ ಅಂಟಿಕೊಂಡ ಹಾಗೆ ಅನ್ನಿಸಿ ಎರಡು ಸಲ ತೊಳೆದುಕೊಂಡೆ.


ಏಪ್ರಿಲ್ 14

ನಿಲ್ಲಲಿಲ್ಲ.


ಏಪ್ರಿಲ್ 15

ನಿಲ್ಲಲಿಲ್ಲ. ರೊಟ್ಟಿ ಪೂರ್ತಿ ತಿಂದೆ.


ಏಪ್ರಿಲ್ 22

ವಾರದಿಂದ ಒಂದು ಸಲವೂ ನಿಂತಿಲ್ಲ. ಸಾಹೇಬರು ಧಾರವಾಡದ ಪೇಢೆ ತರಿಸಿ ಹಂಚಿದರು. ಒಂದನ್ನು ಮಶಿನ್ನಿನ ಮೇಲೆ ಇಟ್ಟರು. ಇರುವೆ ಬರ್ತಾವ್ರಿ ಎಂದು ಬಂದೇನವಾಜ ಭಾಯಿ ಅದನ್ನೂ ತಿಂದರು.

ಅಮ್ಮ ಕೇಳಿದಳು, "ಕರ್ನಲ್ ಹೆಂಗದಾನ?"

"ಆರಾಮ ಅದಾನಮ್ಮಾ."

ನನ್ನ ಪಾಲಿನ ಪೇಢೆಯನ್ನು ಅವಳ ಕೈಗಿಟ್ಟೆ.


ಮೇ 6

ನಿನ್ನೆ ಹೊಡೆದ ಪಟ್ಟಿ ಇವತ್ತು ನನ್ನ ಕೈಗೆ ಬಂತು. ಬೆರಳಿಟ್ಟು ಒಂದೊಂದೇ ಊರು ನೋಡುತ್ತ ಹೋದೆ.

ಕಾಖಂಡಕಿ, ಕೋಳಿ: ಮೂವತ್ತೆರಡು ಸಾವಿರದ ಏಳುನೂರಾ ಅರವತ್ತೇಳು. ಇದು ಕೋಳಿಯ ಲೆಕ್ಕವೇ ಅಲ್ಲ. ನಮ್ಮ ಮಶಿನ್ನಿನ ಒಂದು ಖಾನೆಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ಬಬಲೇಶ್ವರ, ಕುರಿ: ಸೊನ್ನೆ. ಟಿಕೋಟಾದಲ್ಲಿ ಪಟ್ಟಿ ಹೇಳುವಷ್ಟು ಕುರಿ ಇದ್ದರೆ ಮನುಷ್ಯರು ನಿಲ್ಲಲು ಜಾಗ ಉಳಿಯುವುದಿಲ್ಲ. ಒಂದು ಊರಿನಲ್ಲಿ ಒಂಟೆಗಳೂ ಇದ್ದವು.

ಸಾಹೇಬರ ಬಳಿ ಓಡಿದೆ.

"ಕಾಖಂಡಕ್ಯಾಗ ಇಷ್ಟು ಕೋಳಿ ಹೆಂಗ ಇರ್ತಾವ್ರಿ?"

"ಆ ಊರ ಮಂದಿ ಉದ್ಯೋಗಸ್ತರು."

"ಬಬಲೇಶ್ವರದಾಗ ಒಂದೂ ಕುರಿ ಇಲ್ಲಂತ್ರಿ!"

ಬಬಲೇಶ್ವರದಲ್ಲಿ ಅವರೇ ಎಷ್ಟೋ ವರ್ಷ ಕುರಿಗಳಿಗೆ ಸೂಜಿ ಹಾಕಿದ್ದಾರೆ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಮೆಲ್ಲಗೆ ಹೇಳಿದರು, "ಪಟ್ಟಿ ನಿನ್ನೆ ಸಂಜೀಕ ಬೆಂಗಳೂರಿಗೆ ಹೋತು. ಪ್ರತಿ ತೆಗದು ಕಳಿಸಿಬಿಟ್ಟೆ."


ಮೇ 9

ಕಾಖಂಡಕಿಗೆ ಕೋಳಿ ಲಸಿಕೆಯ ಲಾರಿ ಹೋಗಿತ್ತು. ಲಾರಿ ತುಂಬ ಪೆಟ್ಟಿಗೆ, ಸುತ್ತ ಬರ್ಫ. ನೂರಿನ್ನೂರು ಕೋಳಿ ಸಿಕ್ಕವಂತೆ. ಲಸಿಕೆ ಹಾಳಾಗಬಾರದಲ್ಲ, ಡಾಕ್ಟರರು ಮನೆಮನೆ ಹೊಕ್ಕು ಕೇಳಿದ್ದಾರೆ. ಉಳಿದ ಕೋಳಿಗಳನ್ನು ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಗದರಿಸಿದ್ದಾರೆ. ಸರ್ಕಾರ ಕೋಳಿ ಹಿಡಿದುಕೊಂಡು ಹೋಗಲು ಬಂದಿದೆ ಎಂದು ಸುದ್ದಿಯಾಗಿ, ಇದ್ದ ಕೋಳಿಗಳನ್ನೂ ಹೆಂಗಸರು ಹೊಲಕ್ಕೆ ಹೊಡೆದರು. ಫೋನಿನಲ್ಲಿ ಡಾಕ್ಟರರ ದನಿ ಮೇಜಿನ ಈ ಕಡೆಗೂ ಕೇಳುತ್ತಿತ್ತು. ಸಾಹೇಬರು ರಿಸೀವರನ್ನು ಕಿವಿಯಿಂದ ದೂರ ಹಿಡಿದಿದ್ದರು.

ನಗುವ ವಿಷಯ ಅಲ್ಲ. ಕುರಿ ಸಿಡುಬಿನ ಲಸಿಕೆಯೆಲ್ಲ ಟಿಕೋಟಾಕ್ಕೆ ಹೋಗಿದೆ. ಬಬಲೇಶ್ವರದ ಕಡೆ ಸಿಡುಬು ಶುರುವಾಗಿದೆಯಂತೆ.


ಮೇ 11

ಎಲ್ಲಿಂದ ಬರೆಯಲಿ.

ಹತ್ತು ಗಂಟೆಯ ಹೊತ್ತಿಗೆ ಹೊರಗೆ ಗಂಟೆಗಳ ಸದ್ದು. ಟೆಲಿಟೈಪಿನದಲ್ಲ, ಕುರಿಗಳ ಕೊರಳಿನದು. ಕಿಟಕಿಯಲ್ಲಿ ಇಣುಕಿದೆ. ನಮ್ಮ ಅಂಗಳ ಕಾಣಲಿಲ್ಲ. ಬರೀ ಉಣ್ಣೆ. ನಡುವೆ ಒಬ್ಬ ಎತ್ತರದ ಮನುಷ್ಯ, ಹೆಗಲ ಮೇಲೆ ಕಂಬಳಿ. ಬಬಲೇಶ್ವರದ ಮಲಕಾಜಪ್ಪ ಎಂದು ಆಮೇಲೆ ತಿಳಿಯಿತು. ಎರಡು ದಿನ ನಡೆಸಿಕೊಂಡು ಬಂದಿದ್ದ.

"ಎಣಸೂ ಆಫೀಸು ಇದ ಏನ್ರಿ?"

"ಹೌದ್ರಿ" ಎಂದೆ.

"ಹಂಗಾದ್ರ ಎಣಸ್ರಿ."

ಸಾಹೇಬರು ಹೊರಗೆ ಬಂದರು. ಮಲಕಾಜಪ್ಪ ದನಿ ಏರಿಸಲಿಲ್ಲ. "ನಮ್ಮೂರಾಗ ಬಾಜೂ ದೊಡ್ಡಿಗೆ ಸಿಡುಬು ಬಂದೈತ್ರಿ ಯಪ್ಪಾ. ಸೂಜಿ ಹಾಕ್ರಿ ಅಂದ್ರ ಡಾಕ್ಟರು ಪಟ್ಟಿ ತೋರಸ್ತಾರ. ಬಬಲೇಶ್ವರದಾಗ ಕುರಿ ಸೊನ್ನಿ ಅಂತ. ವಿಜಾಪುರದ ಮಶಿನ್ ಹೇಳೇತಿ ಅಂತ. ಅದಕ್ಕ ಸೊನ್ನೀನ ಹೊಡಕೊಂಡು ಬಂದೀನಿ. ಮಶಿನ್ನಿಗೆ ತೋರಸ್ರಿ."

ಅಷ್ಟರಲ್ಲಿ ಸೊನ್ನೆಗೆ ನಮ್ಮ ಬಾಗಿಲು ತೆರೆದದ್ದು ಗೊತ್ತಾಯಿತು. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಏರ್‌ಕಂಡೀಷನ್. ಒಂದು ನುಗ್ಗಿತು. ಒಂದು ನುಗ್ಗಿದರೆ ಉಳಿದದ್ದನ್ನು ಹೇಳಬೇಕಿಲ್ಲ. ಬಂದೇನವಾಜ ಭಾಯಿ ಎರಡೂ ತೋಳು ಚಾಚಿ ಮಶಿನ್ನಿಗೆ ಅಡ್ಡ ನಿಂತರು. ಟಗರೊಂದು ತಣ್ಣನೆ ಗಾಳಿಗೆ ಎದುರಾಗಿ ಕೂತು ಕಣ್ಣು ಮುಚ್ಚಿತು. ಏರ್‌ಕಂಡೀಷನ್ನಿನಿಂದ ಹನಿಯುವ ನೀರಿಗೆ ಇಟ್ಟ ಬಕೀಟಿನ ಸುತ್ತ ಜಗಳ.

"ಹೊರಗ ಹಾಕ್ರಿ ಇವನ್ನ! ಇವು ಲೆಕ್ಕದಾಗ ಇಲ್ಲ!" ಸಾಹೇಬರು ಕೂಗಿದರು. ಅವರು ಕುರ್ಚಿಯ ಮೇಲೆ ನಿಂತಿದ್ದರು.

"ಲೆಕ್ಕದಾಗ ಇಲ್ಲದ್ದು ನಿಮ್ಮ ನೀರು ಕುಡ್ಯಾಕತ್ತೈತಿ ನೋಡ್ರಿ" ಎಂದ ಮಲಕಾಜಪ್ಪ.

ಉತ್ತರ ಕೊಟ್ಟದ್ದು ಕುರಿಗಳು ಮಾತ್ರ.

ಆಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಸಾಹೇಬರು ಕುರ್ಚಿಯಿಂದ ಇಳಿದರು. ಹತ್ತಿರದ ಕುರಿಯ ಕಿವಿ ಮಡಚಿ ನೋಡಿದರು, ತುಟಿ ಬಿಡಿಸಿ ನೋಡಿದರು, ತೊಡೆಯ ಸಂದಿಯಲ್ಲಿ ಬೆರಳಾಡಿಸಿದರು. ಮುಖವೇ ಬೇರೆಯಾಯಿತು. "ಜ್ವರ ಇಲ್ಲ. ಇನ್ನೂ ಹೊತ್ತು ಮೀರಿಲ್ಲ" ಅಂದರು. ಕೋಟು ಬಿಚ್ಚಿ ಟೆಲಿಟೈಪಿನ ಮೇಲೆ ಎಸೆದರು. ದನದ ದವಾಖಾನೆಗೆ ಬಂದೇನವಾಜ ಭಾಯಿಯನ್ನು ಓಡಿಸಿ ಇದ್ದಷ್ಟು ಸಿಡುಬಿನ ಲಸಿಕೆ ತರಿಸಿದರು. ಬೇವಿನ ಮರದ ಕೆಳಗೆ ಕೂತು, ತೋಳು ಮಡಚಿ, ಒಂದೊಂದಕ್ಕೇ ಸೂಜಿ ಹಾಕಿದರು. ಮಲಕಾಜಪ್ಪ ಹಿಡಿದುಕೊಡುತ್ತಿದ್ದ, ನಾನು ಬಾಲದ ಬಳಿ ನೀಲಿ ಗುರುತು ಹಾಕುತ್ತಿದ್ದೆ. ಇಷ್ಟು ಚುರುಕಾಗಿ ಅವರು ಕೆಲಸ ಮಾಡಿದ್ದನ್ನು ಈ ಆಫೀಸಿನಲ್ಲಿ ನಾನು ನೋಡಿರಲಿಲ್ಲ.

ಮುಗಿಸಿ ಕೈ ತೊಳೆಯುವಾಗ ಕೇಳಿದರು, "ಮಲಕಾಜಪ್ಪಾ, ನಿಮ್ಮೂರಾಗ ಇನ್ನೂ ಎಷ್ಟು ದೊಡ್ಡಿ ಅದಾವ?"

"ಭಾಳ ಅದಾವ್ರಿ ಸಾಹೇಬರ. ಎಲ್ಲಾರೂ ಬರ್ತೀನಿ ಅಂದಿದ್ರು. ನಾನ ಮೊದಲ ಹೋಗಿ ನೋಡಿ ಬರ್ತೀನಿ ಅಂದೆ."

ಸಾಹೇಬರು ಅಂಗಳದ ಅಗಲ ಒಮ್ಮೆ ನೋಡಿದರು.


ಮೇ 12

ಬೆಳಿಗ್ಗೆ ಬೇಗ ಹೋಗಿ ನೋಪ್ ತೆಗೆದೆ. ಹಾಲ್ಟ್ ಹಾಕಿದೆ. ಹಳೆಯ ಐದಕ್ಷರವನ್ನೂ ಹಳೆಯ ಜಾಗದಲ್ಲೇ ಕೂರಿಸಿದೆ. ಯಾರನ್ನೂ ಕೇಳಲಿಲ್ಲ. ಪಟ್ಟಿಯನ್ನು ಮೊದಲ ಹಾಳೆಯಿಂದ ಶುರು ಮಾಡಿದೆ. ಸ್ವಲ್ಪ ಹೊತ್ತಿಗೇ ಗಂಟೆ. ಪ್ಯಾನಿಕ್. ಎಷ್ಟು ದಿನದ ಮೇಲೆ! ಹೋಗಿದ್ದ ಗೆಳತಿ ಬಾಗಿಲು ಬಡಿದ ಹಾಗೆ ಅನ್ನಿಸಿತು.

ಬಾಗಿಲಲ್ಲಿ ಸಾಹೇಬರು.

"ಆದೇಶ ಐತಲ್ಲವ್ವಾ."

"ಐತ್ರಿ. ಕುರೀನೂ ಅದಾವ್ರಿ."

ಸ್ಟೂಲು ಎಳೆದು ಕೂತರು. "ಸೋಮವಾರ ದೊಡ್ಡ ಸಾಹೇಬರು ಬರ್ತಾರ. ಅವರ ಮುಂದ ಇದು ನಿಂತ್ರ ನನ್ನ ಚಾಮರಾಜನಗರಕ್ಕ ಒಗೀತಾರ. ಅಲ್ಲಿ ಜ್ವಾಳದ ರೊಟ್ಟಿ ಸಿಗೂದಿಲ್ಲವ್ವಾ."

"ನಾ ಇಲ್ಲಿಂದ ಕಟ್ಟಿ ಕಳಸ್ತೀನ್ರಿ."

ನಗು ಬಂತು ಅವರಿಗೆ. ತಡೆದುಕೊಂಡರು. ಬಬಲೇಶ್ವರದ ಹಾಳೆಗಳ ಕಟ್ಟು ತಂದು ನನ್ನ ಪಕ್ಕದಲ್ಲಿಟ್ಟು ಒಂದೊಂದಾಗಿ ಓದಿ ಹೇಳತೊಡಗಿದರು.


ಮೇ 15, ಸೋಮವಾರ

ದೊಡ್ಡ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ, ಬೆಂಗಳೂರಿನ ಕನ್ನಡ. ಮಾಲೆ ಹಾಕಿದೆವು. ಮಶಿನ್ನಿನ ಮುಂದೆ ಕುರ್ಚಿ. ಕೂತು ಕಾಲ ಮೇಲೆ ಕಾಲು ಹಾಕಿದರು. ದೀಪ ಮಂಕಾಯಿತು, ಗಂಟೆ ಬಾರಿಸಿತು. ಪ್ಯಾನಿಕ್.

ಕಾಗದ ಎಳೆದು ಓದಿದರು. "ಯಾರಿಗೆ ಗಾಬರಿ?"

ಸಿದ್ದರಾಯ ಸಾಹೇಬರು ನನ್ನ ಕಡೆ ನೋಡಿದರು. ನಾನು ಹೇಳಿದೆ, "ಮಶಿನ್ನಿನ ಕರ್ನಲ್ ತನ್ನ ಲೆಕ್ಕ ತಪ್ಪಿದ್ದನ್ನ ತಾನೇ ಹಿಡಿದಿದೆ ಸರ್. ಮುಂದೆ ಹೋದರೆ ಸುಳ್ಳು ಪಟ್ಟಿ ಕೊಡ್ತದೆ. ಅದಕ್ಕೆ ನಿಂತಿದೆ."

"ಇದು ನಮ್ಮ ಸುರಕ್ಷಾ ವ್ಯವಸ್ಥಾ ಸರ್!" ಸಿದ್ದರಾಯ ಸಾಹೇಬರು ನಡುವೆ ಬಾಯಿ ಹಾಕಿದರು.

"ಓಹೋ. ಹಾಗಾದರೆ ನೀವು ಕಳಿಸಿದ್ದ ಪಟ್ಟಿ ಸರಿಯಾಗಿಯೇ ಇರಬೇಕು?"

ಏರ್‌ಕಂಡೀಷನ್ನಿನ ನೀರು ಬಕೀಟಿಗೆ ಬೀಳುವ ಸದ್ದು.

ಸಾಹೇಬರು ಹಣೆ ಒರೆಸಿಕೊಂಡರು. "ಇಲ್ಲ ಸರ್. ಆ ಪಟ್ಟಿ ಸುಳ್ಳು. ಆಗ ಇದು ನಿಲ್ಲಲಾರದಂಗ ಮಾಡ್ರಿ ಅಂತ ನಾನ ಆದೇಶ ಮಾಡಿದ್ದೆ. ಈ ಹುಡುಗಿ ಬ್ಯಾಡ ಅಂದ್ಲು. ಕೇಳಲಿಲ್ಲ. ಬಬಲೇಶ್ವರದ ಕುರಿಗೆ ಲಸಿಕೆ ಇಲ್ಲ ಸರ್. ಟಿಕೋಟಾದಾಗ ಹೆಚ್ಚಿಗೆ ಬಿದ್ದೈತಿ. ನೀವು ಒಂದ ಸಹಿ ಮಾಡಿದ್ರ ಇವತ್ತ ಹೋಗತೈತಿ. ನನ್ನ ಮುಂದ ಏನರ ಮಾಡ್ರಿ."

ದೊಡ್ಡ ಸಾಹೇಬರು ಕಾಗದವನ್ನು ಕನ್ನಡಕದ ಹತ್ತಿರ ತಂದು ಇನ್ನೊಮ್ಮೆ ಓದಿದರು. "ಪ್ರತಿಸಲ ಹೀಗೇ ನಿಲ್ಲುತ್ತದೆಯೇ? ಇನ್ನೊಂದು ಸಲ ತೋರಿಸಿ. ನಾನು ಕಣ್ಣಾರೆ ನೋಡಿ ಸಹಿ ಮಾಡುತ್ತೇನೆ."

ಎಬ್ಬಿಸಿದೆ. ಚಾಲೂ ಮಾಡಿದೆ. ಕಾದೆವು.

ನಿಲ್ಲಲಿಲ್ಲ.

ಚಹಾ ಬಂತು. ನಿಲ್ಲಲಿಲ್ಲ. ಬಾಳೆಹಣ್ಣು ಬಂದವು. ಮಶಿನ್ ಟಿಕೋಟಾದ ಎಮ್ಮೆಗಳನ್ನು ಒಂದೂ ತಪ್ಪದೆ ಕೂಡಿಸುತ್ತ ಹೋಯಿತು. ಅದು ಇಷ್ಟು ಚೆನ್ನಾಗಿ ಯಾವತ್ತೂ ನಡೆದಿರಲಿಲ್ಲ. ಸಿದ್ದರಾಯ ಸಾಹೇಬರು ನನ್ನ ಕಿವಿಯ ಬಳಿ ಬಂದರು. "ಗುಲಶನ, ನಿಲ್ಲಸ್ರಿ!"

"ನಾ ಹೆಂಗ ನಿಲ್ಲಸ್ಲಿರಿ? ತಾನಾಗೇ ತಪ್ಪಬೇಕು."

"ದಿನಾ ನಿಲ್ಲತಿತ್ತು. ಇವತ್ತೇನ ಧಾಡಿ ಇದಕ್ಕ?"

ಬಂದೇನವಾಜ ಭಾಯಿಗೆ ಹೊಳೆಯಿತು. ಪಕ್ಕದಲ್ಲಿ ಬರ್ಫಿನ ಮೋಟರ್ ಸದ್ದಿಲ್ಲ! ಓಡಿದರು. ಮೋಟರಿನ ಪಟ್ಟಾ ಜಾರಿತ್ತಂತೆ. ಮಾಲೀಕ ಬುಡ್ಡೇಸಾಬರು ಜಗುಲಿಯ ಮೇಲೆ ಮಲಗಿದ್ದರಂತೆ. ಅವರನ್ನು ಎಬ್ಬಿಸಿ, ಇಬ್ಬರೂ ಸೇರಿ ಪಟ್ಟಾ ಹಾಕಿದರು. ಇತ್ತ ದೊಡ್ಡ ಸಾಹೇಬರು ಮೂರನೇ ಬಾಳೆಹಣ್ಣು ಸುಲಿಯುತ್ತಿದ್ದರು. ಗೋಡೆಯಾಚೆ ಮೋಟರ್ ಗುಡುಗಿತು. ದೀಪ ಮಂಕಾಯಿತು. ಗಂಟೆ!

ಮೊದಲು ಚಪ್ಪಾಳೆ ಹೊಡೆದವರು ಸಿದ್ದರಾಯ ಸಾಹೇಬರು. ಎಲ್ಲರೂ ಹೊಡೆದರು. ದೊಡ್ಡ ಸಾಹೇಬರೂ ಬಾಳೆಹಣ್ಣು ಹಿಡಿದುಕೊಂಡೇ ಹೊಡೆದರು. ಆಮೇಲೆ ಕೈ ಒರೆಸಿಕೊಂಡು ಸಹಿ ಮಾಡಿದರು. ಮಶಿನ್ನಿಗೆ ಬೇರೆಯೇ ಕರೆಂಟಿನ ಲೈನ್ ಎಳೆಸಲು ಒಂದು ಫೈಲು ಶುರು ಮಾಡಿ ಅಂದರು. ಚಾಮರಾಜನಗರದ ಮಾತು ಬರಲಿಲ್ಲ. ಹೊರಡುವಾಗ ಮಾತ್ರ ಸಿದ್ದರಾಯ ಸಾಹೇಬರಿಗೆ ಹೇಳಿದರು, "ಮುಂದಿನ ಸಲ ಆದೇಶ ಬರೆಯುವ ಮೊದಲು ಈ ಹುಡುಗಿಯನ್ನು ಕೇಳಿ."

ಮನೆಗೆ ಬಂದೆ. ಅಮ್ಮ ಕೇಳಿದಳು, "ಇವತ್ತೂ ಸತ್ತನೇನ ಬೇ?"

"ಎರಡ ಸಲ. ಎರಡನೇ ಸಲ ಎಲ್ಲಾರೂ ಚಪ್ಪಾಳಿ ಹೊಡದ್ರು."

"ಎಂಥಾ ಮಂದಿ ನಡುವ ಕೆಲಸ ಮಾಡ್ತೀಯವ್ವಾ ನೀ!"


ಮೇ 17. ಬಬಲೇಶ್ವರ

ಲಸಿಕೆಯ ಜೀಪಿನಲ್ಲಿ ಬಂದಿದ್ದೇನೆ. ಸಾಹೇಬರು ಅಂಗಿಯ ತೋಳು ಮಡಚಿ ಮೂರು ದೊಡ್ಡಿ ಮುಗಿಸಿದರು. ಹೊಸ ಪಟ್ಟಿಯನ್ನು ಕಣ್ಣಾರೆ ತಾಳೆ ನೋಡುವುದು ನನ್ನ ಕೆಲಸ. ಈಗ ಮಲಕಾಜಪ್ಪನ ದೊಡ್ಡಿಯ ಮುಂದೆ, ಹುಣಸೆ ಮರದ ನೆರಳು.

ಅವನು ವಿಜಾಪುರಕ್ಕೆ ಬಂದಾಗ ನಡೆಯಲಾಗದ ಎರಡು ಮರಿಗಳನ್ನು ಮನೆಯಲ್ಲೇ ಬಿಟ್ಟಿದ್ದನಂತೆ. ಅವಕ್ಕೆ ಸಿಡುಬು ತಗುಲಿತು. ಒಂದು ಮೊನ್ನೆ ಹೋಯಿತು. ಇನ್ನೊಂದು ಅವನ ತಾಯಿ ತಿಪ್ಪವ್ವನ ಮಡಿಲಲ್ಲಿದೆ, ಮೂತಿಗೆ ಅರಿಶಿನ ಎಣ್ಣೆ. "ನಿಲ್ಲಬೇಕಾದ ಮಶಿನ್ ನಿಲ್ಲಲಾರದಂಗ ಮಾಡಿದ್ದು ನನ್ನ ಕೈಯವ್ವಾ" ಎಂದೆ.

ತಿಪ್ಪವ್ವ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. "ಈ ಕೈಗೆ ಬಳೀನ ಇಲ್ಲಲ್ಲವ್ವಾ" ಅಂದಳು. ಎದ್ದು ಹೋಗಿ ಮಜ್ಜಿಗೆ ತಂದಳು. ಮರಿಯನ್ನು ನನ್ನ ಮಡಿಲಿಗೆ ಹಾಕಿದಳು. ಜ್ವರ ಬಿಟ್ಟಿದೆಯಂತೆ. ನಿನ್ನೆಯಿಂದ ಮೇವು ಮುಟ್ಟಿಲ್ಲ, ಅದೊಂದೇ ಚಿಂತೆ ಅವಳಿಗೆ.

ಮಲಕಾಜಪ್ಪ ಕುರಿಗಳನ್ನು ಸಂದಿಯಿಂದ ಒಂದೊಂದಾಗಿ ಬಿಟ್ಟ. ನಾನು ಎಣಿಸುತ್ತ ಹೋದೆ. ಅರ್ಧ ದಾಟಿತ್ತು, ಮೂರು ಒಟ್ಟಿಗೆ ನುಗ್ಗಿದವು. ಎರಡೋ ಮೂರೋ… ಮೂರು ಎಂದು ಬರೆದುಕೊಂಡು ಮುಂದೆ ಹೋಗಬಹುದಿತ್ತು. ಸಾಹೇಬರು ನೋಡುತ್ತಿದ್ದರು.

"ತಪ್ಪಿತ್ರಿ" ಅಂದೆ.

ಮಲಕಾಜಪ್ಪ ಬೈಯಲಿಲ್ಲ. "ಹೊಳ್ಳಿ ಹೊಡೀಲೇನ್ರಿ?"

"ಹೊಳ್ಳಿ ಹೊಡೀರಿ. ಮೊದಲಿಂದ."

ಎಲ್ಲವನ್ನೂ ತಿರುಗಿಸಿ ದೊಡ್ಡಿಗೆ ತುಂಬುತ್ತಿದ್ದಾನೆ. ಸಾಹೇಬರೂ ಎದ್ದು ಹೋಗಿ ಹುರ್ ಹುರ್ ಎಂದು ಅಟ್ಟುತ್ತಿದ್ದಾರೆ. ಧೂಳು. ಅಷ್ಟರಲ್ಲಿ ಇದಿಷ್ಟು ಬರೆಯೋಣ ಎಂದು ಕೂತೆ. ಮರಿ ಮಡಿಲಲ್ಲಿ ತಲೆ ಎತ್ತಿದೆ. ಮೂಸಿ ನೋಡುತ್ತಿದೆ. ತಿಪ್ಪವ್ವನನ್ನು ಕರೆಯಬೇಕು, ಬಾಯಿ ಆಡಿಸುತ್ತಿದೆ, ಏನೋ ತಿನ್ನುತ್ತಿ… ಅಯ್ಯೋ, ಇದೇ ಹಾಳೆಯ ಮೂಲೆ